ಶಂಕ್ರವ್ವ ಕಟ್ಟಿದ ಕೆಂಪು ದಾರ

ಒದ್ದೆ ಉಣ್ಣೆಯ ವಾಸನೆ ನನಗೆ ಆಗಿಬರುವುದಿಲ್ಲ. ದನದ ಡಾಕ್ಟರಾಗಿ ಹೀಗೆ ಹೇಳಿಕೊಳ್ಳುವುದು ಚೆಂದವಲ್ಲ, ಗೊತ್ತು. ಸಗಣಿ, ಕೀವು, ಸತ್ತು ಎರಡು ದಿನವಾದ ಎಮ್ಮೆ, ಇವು ಯಾವುವೂ ನನ್ನ ಊಟ ಕೆಡಿಸಿಲ್ಲ. ಮಳೆಯಲ್ಲಿ ನೆನೆದ ಕುರಿ ಮಾತ್ರ ಕೆಡಿಸುತ್ತದೆ. ಯಾಕೆ ಎಂದು ಹೆಂಡತಿ ಕೇಳಿ ಕೇಳಿ ಬಿಟ್ಟಿದ್ದಾಳೆ. ಅಲರ್ಜಿ ಎಂದು ಹೇಳಿ ಪಾರಾಗುತ್ತ ಬಂದವನು ನಾನು.

ಹೋದ ಶ್ರಾವಣದಲ್ಲಿ ಕುಳಗೇರಿ ಕ್ರಾಸಿನ ಚಹದಂಗಡಿಯ ತಗಡಿನ ಕೆಳಗೆ ಬಾದಾಮಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಜಿಟಿಜಿಟಿ ಮಳೆ. ಲಾರಿಗಳನ್ನು ನಿಲ್ಲಿಸಿಕೊಂಡು ಒಂದು ಕುರಿ ಹಿಂಡು ರಸ್ತೆ ದಾಟಿತು. ಆ ವಾಸನೆ ಬಂದ ಕೂಡಲೇ ಮೂಗಿಗೆ ಕರವಸ್ತ್ರ ಹಿಡಿದೆ. ಹಿಡಿದು ನೋಡುತ್ತೇನೆ, ಹಿಂಡಿನ ಮುಂದೆ ಒಂದು ದೊಡ್ಡ ಟಗರು, ಅದರ ಕೊರಳಲ್ಲಿ ಕೆಂಪು ದಾರ. ದೃಷ್ಟಿಯಾಗಬಾರದೆಂದು ಯಾರೋ ಕಟ್ಟಿದ್ದಿರಬೇಕು, ಬೇರೇನಿಲ್ಲ. ಆದರೂ ನನ್ನ ಕೈಯಲ್ಲಿನ ಚಹ ಹಾಗೇ ಆರಿತು. ಬಸ್ಸು ಬಂತು, ಹೋಯಿತು.

"ಸಾಹೇಬ್ರ, ನಿಮ್ಮ ಬಸ್ಸಲ್ಲೇನ್ರಿ ಅದು?" ಅಂದ ಅಂಗಡಿಯವ.

"ಹೌದು" ಅಂದೆ. ನಿಂತೇ ಇದ್ದೆ.

ಅಂಥದೇ ಇನ್ನೊಂದು ದಾರದ ಸಂಗತಿ ನಡೆದು ಹತ್ತು ವರ್ಷದ ಮೇಲಾಗಿತ್ತು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಹಳೆ ಬಾಗಲಕೋಟೆಯ ಕೆಳಗಿನ ಓಣಿಗಳಿಗೆ ಅಣೆಕಟ್ಟಿನ ಹಿನ್ನೀರು ಬರುತ್ತದೆಂದು ಜನ ಮನೆಯ ಬಾಗಿಲು, ಚೌಕಟ್ಟು, ತೊಲೆ ಎಲ್ಲ ಕಿತ್ತು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ನವನಗರಕ್ಕೆ ಬರುತ್ತಿದ್ದರು. ನಮ್ಮ ಮನೆಯವರೂ ಹಾಗೇ ಬಂದವರು. ನಾಯಿಗಳಿಗೆ ಮಾತ್ರ ಈ ಪುನರ್ವಸತಿ ತಿಳಿಯಲಿಲ್ಲ. ನವನಗರಕ್ಕೆ ಕರೆತಂದರೆ ಎರಡು ದಿನ ಇದ್ದು, ಮೂರನೆಯ ದಿನ ವಾಪಸ್ಸು ನಡೆದುಹೋಗಿ, ಬಾಗಿಲಿಲ್ಲದ ಹಳೆ ಮನೆಯ ಹೊಸ್ತಿಲ ಮೇಲೆ ಮಲಗುತ್ತಿದ್ದವು. ಮುದಿ ಎತ್ತುಗಳನ್ನು, ಕುಂಟು ಕತ್ತೆಗಳನ್ನು ಹೊಸ ಸೈಟಿಗೆ ಕರೆತರಲು ಜಾಗವಿಲ್ಲವೆಂದು ಅಲ್ಲೇ ಬಿಟ್ಟವರೂ ಇದ್ದರು. ಅವುಗಳಿಗಾಗಿಯೇ ಒಬ್ಬ ನಿವೃತ್ತ ವಿಜ್ಞಾನ ಮಾಸ್ತರರು ನವನಗರದ ಅಂಚಿನಲ್ಲಿ, ಪಾಳುಬಿದ್ದ ಹತ್ತಿ ಗೋದಾಮಿನಲ್ಲಿ, ಒಂದು ಪ್ರಾಣಿ ಆಶ್ರಯ ತೆರೆದಿದ್ದರು.

ನಾನು ಪಶುವೈದ್ಯ ಕಾಲೇಜಿನ ಕೊನೆಯ ವರ್ಷಕ್ಕೆ ಕಾಲಿಡುವವನು. ಮಳೆಗಾಲದ ರಜೆಯಲ್ಲಿ ಅನುಭವಕ್ಕೆಂದು ಅಲ್ಲಿ ಸೇರಿಕೊಂಡೆ. ಇಸ್ತ್ರಿ ಮಾಡಿದ ಬಿಳಿ ಕೋಟು, ಕೊರಳಲ್ಲಿ ಸ್ಟೆತಸ್ಕೋಪು. ನಾಯಿಗೆ ಅನ್ನ ಹಾಕುವಾಗಲೂ ಸ್ಟೆತಸ್ಕೋಪು ತೆಗೆಯುತ್ತಿರಲಿಲ್ಲ. ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರೆ. ನಾನು ಹೆಜ್ಜೆಹೆಜ್ಜೆಗೂ ತುಳುಕುತ್ತಿದ್ದೆ.

ಅಲ್ಲಿ ಕೆಲಸ ನಡೆಯುತ್ತಿದ್ದದ್ದು ಶಂಕ್ರವ್ವನಿಂದ. ಇಳಕಲ್ಲಿನ ನೇಕಾರರ ಮನೆಯವಳು, ಐವತ್ತರ ಆಸುಪಾಸು. ಗಂಡ ತೀರಿಕೊಂಡ ಮೇಲೆ ಮನೆಯ ಕೈಮಗ್ಗವೂ ನಿಂತು, ಅಣ್ಣನ ಮನೆಯಲ್ಲಿರಲು ನವನಗರಕ್ಕೆ ಬಂದಿದ್ದಳು. ಓದು ಬರಹ ಇಲ್ಲ. ಆದರೆ ಅಷ್ಟೂ ಪ್ರಾಣಿಗಳ ಲೆಕ್ಕ ಅವಳ ಬಳಿ ಇತ್ತು, ಅದೂ ದಾರದಲ್ಲಿ. ಇಳಕಲ್ಲಿನಿಂದ ತಂದ ಸೀರೆಯ ಉಳಿಕೆ ನೂಲನ್ನು ಹುರಿಮಾಡಿ ಪ್ರತಿ ಪ್ರಾಣಿಯ ಕೊರಳಿಗೆ ಕಟ್ಟುತ್ತಿದ್ದಳು. ಬಿಳಿ ದಾರ ಎಂದರೆ ಅದಕ್ಕೆ ಯಾರೂ ದಿಕ್ಕಿಲ್ಲ. ಕರಿ ದಾರ ಎಂದರೆ ಅಂಟುರೋಗ, ಬೇರೆ ಕಟ್ಟಬೇಕು. ಸೆರಗಿನ ಕೆಂಪು ರೇಷ್ಮೆಯ ದಾರ ಎಂದರೆ ಮಾಲಕರು ಇದ್ದಾರೆ, ವಾಸಿಯಾದ ಮೇಲೆ ಕರೆದೊಯ್ಯಲು ಬರುತ್ತಾರೆ.

"ಇದೇನವ್ವಾ, ಯಾವ ಕಾಲದಾಗ ಇದ್ದೀ? ತಗಡಿನ ಬಿಲ್ಲೆ ಮಾಡಿಸಿ ನಂಬರ್ ಹಾಕಬೇಕು" ಎಂದಿದ್ದೆ ನಾನು, ಬಂದ ಮೊದಲ ವಾರವೇ.

"ನಂಬರ ನನಗ ಓದಾಕ ಬರಬೇಕಲ್ಲೋ ಎಪ್ಪಾ" ಅಂದು ನಕ್ಕಳು. "ದಾರ ಆದ್ರ ದೂರಿಂದನಽ ಕಾಣ್ತೈತಿ."

"ದಾರ ಬಿಚ್ಚಿ ಬಿದ್ದರೆ?"

ಆಗ ಅವಳ ನಗು ನಿಂತಿತು. "ಮಗ್ಗದಾಗ ಕಡದ ಎಳೀಗೆ ಹಾಕೂ ಗಂಟು ಇದು. ಸೀರಿ ಹರದ್ರೂ ಗಂಟು ಬಿಚ್ಚಂಗಿಲ್ಲ. ಬೇಕಾದ್ರ ಜಗ್ಗಿ ನೋಡು."

ಜಗ್ಗಿ ನೋಡಿದೆ. ಬಿಚ್ಚಲಿಲ್ಲ. ಆದರೂ ತಗಡಿನ ಬಿಲ್ಲೆಯ ಯೋಜನೆಯನ್ನು ಎರಡು ಹಾಳೆ ಬರೆದು ಮಾಸ್ತರರಿಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ಓದಿ, ನೋಡೋಣ ಅಂದರು.

ಟಗರು ಬಂದದ್ದು ಜುಲೈ ಕೊನೆಗೆ. ಗುಡೂರಿನ ಕುರಿಗಾರ ಮಾಳಪ್ಪ ಹಿಂಡು ಮೇಯಿಸುತ್ತ ನವನಗರದ ಕಡೆ ಬಂದಾಗ ಟೆಂಪೊ ಒಂದು ಬಡಿದು ಟಗರಿನ ಮುಂಗಾಲು ಮುರಿದಿತ್ತು. ಕಂಬಳಿಯಲ್ಲಿ ಸುತ್ತಿ ಹೆಗಲ ಮೇಲೆ ಹೊತ್ತು ತಂದಿದ್ದ. ಮಳೆ ಸುರಿಯುತ್ತಿತ್ತು. ಕಂಬಳಿ, ಟಗರು, ಮನುಷ್ಯ ಮೂವರಿಂದಲೂ ಒಂದೇ ವಾಸನೆ.

"ಇದು ಬೀರಪ್ಪನ ಟಗರ್ರಿ" ಅಂದ ಮಾಳಪ್ಪ, ನೆಲಕ್ಕಿಳಿಸುತ್ತ. "ಹುಟ್ಟಿದ ದಿನಾನಽ ದೇವರಿಗೆ ಬಿಟ್ಟದ್ದು. ನನ್ನ ಹಿಂಡಿಗೆ ಬೀಜಾನೂ ಇದಽ. ಹಿಂಡು ಮುಂದ ಹೋಗಬೇಕು, ನಿಂದರಾಕ ಆಗಂಗಿಲ್ಲ. ಒಂದೂವರಿ ತಿಂಗಳಿಗೆ ತಿರುಗಿ ಬರ್ತೇನಿ. ಕಾಲು ಸೊಟ್ಟ ಆದ್ರ ಆಗ್ಲಿ, ಮತ್ತೇನೂ ಊನ ಆಗಬಾರ್ದು. ಊನ ಆದದ್ದು ದೇವರಿಗೆ ನಡಿಯಂಗಿಲ್ಲ."

"ಚಿಂತಿ ಮಾಡಬ್ಯಾಡಪ್ಪ" ಎಂದಳು ಶಂಕ್ರವ್ವ. ಅವನ ಎದುರಿಗೇ ಕೆಂಪು ದಾರ ಕಟ್ಟಿದಳು. ಮಾಳಪ್ಪ ನಡುವಿನಿಂದ ಒಂದು ಚೀಲ ತೆಗೆದು, ಭಂಡಾರದ ಅರಿಸಿನವನ್ನು ಟಗರಿನ ಹಣೆಗೆ ಹಚ್ಚಿ, ಹಿಂದೆ ತಿರುಗಿ ನೋಡದೆ ಹೋದ.

ಆ ಕಾಲನ್ನು ನಾನೇ ಕೂಡಿಸಿ ಕಟ್ಟಿದೆ. ಬಿದಿರು ದಬ್ಬೆ, ಹತ್ತಿ, ಪ್ಲಾಸ್ಟರು. ಚೆನ್ನಾಗಿ ಕಟ್ಟಿದೆ ಎಂದೇ ಇವತ್ತಿಗೂ ಹೇಳುತ್ತೇನೆ, ಅದರಲ್ಲಿ ಸುಳ್ಳಿಲ್ಲ. ಹದಿನೈದು ದಿನಕ್ಕೆ ಟಗರು ಮೂರೂವರೆ ಕಾಲಿನ ಮೇಲೆ ಗತ್ತಿನಿಂದ ಅಡ್ಡಾಡತೊಡಗಿತು. ಶಂಕ್ರವ್ವ ಅದಕ್ಕೆ ಗೌಡಪ್ಪ ಎಂದು ಹೆಸರಿಟ್ಟಳು. "ಬಂದ್ರು ನೋಡ್ರಿ ಗೌಡ್ರು, ದಾರಿ ಬಿಡ್ರಿ" ಎಂದು ನಾಯಿಗಳಿಗೆ ಹೇಳುವಳು. ನನ್ನ ಕಿಸೆಯಲ್ಲಿ ಬೆಲ್ಲ ಇರುತ್ತದೆಂದು ಗೊತ್ತಾಗಿ ಅದು ನನ್ನ ಕೋಟಿಗೆ ಮೂಗು ತಿಕ್ಕುತ್ತಿತ್ತು.

ದಿನಾ ಟಗರಿನ ಕುತ್ತಿಗೆಗೆ ಔಷಧದ ಸೂಜಿ ಚುಚ್ಚುತ್ತಿದ್ದೆ. ಒಂದು ದಿನ ಸರಿಯಾಗಿ ಚುಚ್ಚಲಿಲ್ಲ. ಮರುದಿನ ಅಲ್ಲಿ ನಿಂಬೆಹಣ್ಣಿನಷ್ಟು ಬಾವು ಬಂದು ದಾರ ಬಿಗಿಯಾಯಿತು. ಕತ್ತರಿ ತಂದು ದಾರ ಕತ್ತರಿಸಿದೆ. ಶಂಕ್ರವ್ವನಿಗೆ ಹೇಳಿ ಸಡಿಲಾಗಿ ಮತ್ತೊಂದು ಕಟ್ಟಿಸಬೇಕು ಎಂದುಕೊಂಡು ಆ ತುಂಡನ್ನು ಕೋಟಿನ ಕಿಸೆಗೆ ಹಾಕಿಕೊಂಡೆ. ಅವಳು ಅವತ್ತು ಇರಲಿಲ್ಲ. ಬಸುರಿಯಾದ ತಂಗಿಯ ಮಗಳ ಕುಬಸಕ್ಕೆಂದು ಮೂರು ದಿನ ಇಳಕಲ್ಲಿಗೆ ಹೋಗಿದ್ದಳು. ಬಂದ ಮೇಲೆ ಹೇಳಿದರಾಯಿತು ಎಂದು ಸುಮ್ಮನಾದೆ. ಇಲ್ಲಿಯವರೆಗೆ ನಾನು ಮಾಡಿದ್ದರಲ್ಲಿ ತಪ್ಪೇನಿಲ್ಲ.

ಮರುದಿನ ಗುರುವಾರ. ವಾರಕ್ಕೊಮ್ಮೆ ಪೇಟೆಯಿಂದ ದೊಡ್ಡ ಡಾಕ್ಟರು ಬರುವ ದಿನ. ದಿಕ್ಕಿಲ್ಲದ ಗಂಡು ಪ್ರಾಣಿಗಳ ಬೀಜ ಒಡೆಯಬೇಕೆಂಬುದು ಆಶ್ರಯದ ಕಟ್ಟಳೆ. ಇಲ್ಲವಾದರೆ ಸಂತತಿ ಬೆಳೆದು ಸಾಕುವುದು ಕಷ್ಟ. ಕುರಿ, ಹೋರಿಗಳಿಗೆ ಅದನ್ನು ಉದ್ದ ಹಿಡಿಕೆಯ ಇಕ್ಕಳದಿಂದ ಮಾಡುತ್ತೇವೆ. ಚರ್ಮ ಕೊಯ್ಯುವುದಿಲ್ಲ, ರಕ್ತ ಬರುವುದಿಲ್ಲ. ಒಳಗಿನ ನರ ಮಾತ್ರ ಜಜ್ಜಿಹೋಗಿ, ತಿಂಗಳೊಪ್ಪತ್ತಿನಲ್ಲಿ ಬೀಜ ಒಣಗುತ್ತದೆ. ಅಷ್ಟೂ ವಾರ ನಾನು ಬೇರೆಯವರು ಮಾಡುವಾಗ ಕಾಲು ಹಿಡಿದವನು. ಇಕ್ಕಳ ನನ್ನ ಕೈಗೆ ಕೊಡಿ ಎಂದು ದುಂಬಾಲು ಬಿದ್ದಿದ್ದೆ. ಅವತ್ತು ದೊಡ್ಡ ಡಾಕ್ಟರು ಒಪ್ಪಿದರು. ಆದರೆ ಅವತ್ತು ಒಡೆಯಲು ಒಂದೂ ಪ್ರಾಣಿ ಇರಲಿಲ್ಲ. ಅವರ ಕಣ್ಣು ಟಗರಿನ ಮೇಲೆ ಬಿತ್ತು.

"ಇದರ ಕೊರಳಾಗ ದಾರ ಇಲ್ಲಲ್ಲ. ಯಾರೂ ಇಲ್ಲೇನು ಇದಕ್ಕ?"

ನನಗೆ ನೆನಪಾಗಲಿಲ್ಲ ಎಂದು ಹತ್ತು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ನೆನಪಾಗಿತ್ತು. ಕೈ ಕಿಸೆಯಲ್ಲೇ ಇತ್ತು, ಬೆರಳಿಗೆ ದಾರ ತಾಕುತ್ತಿತ್ತು. ಮಾಳಪ್ಪನ ಮಾತೂ ನೆನಪಾಯಿತು. ಆದರೆ ಇಕ್ಕಳ ಇನ್ನೊಂದು ಕೈಯಲ್ಲಿತ್ತು. ಮುಂದಿನ ವಾರ ಇವರು ಮನಸ್ಸು ಬದಲಿಸಿದರೆ? ಕಾಲೇಜಿಗೆ ಹೋಗಿ ಗೆಳೆಯರ ಮುಂದೆ ನಾನು ಕೈಯಾರೆ ಮಾಡಿದ್ದೇನೆ ಎಂದು ಹೇಳುವುದು ಹೇಗೆ? ಯಾವುದೋ ಮುದುಕನ ದೇವರು, ಯಾವುದೋ ಹರಕೆ. ರಕ್ತವಂತೂ ಬರುವುದಿಲ್ಲವಲ್ಲ.

"ಯಾರೂ ಇಲ್ರಿ ಸರ್" ಅಂದೆ.

ಇಕ್ಕಳ ಮುಚ್ಚಿದಾಗ ಟಗರು ಕೂಗಲಿಲ್ಲ, ಒಮ್ಮೆ ಹಲ್ಲು ಕಡಿಯಿತು. "ಕೈ ಗಟ್ಟಿ ಐತಿ ನಿನ್ನದು" ಎಂದು ದೊಡ್ಡ ಡಾಕ್ಟರು ಬೆನ್ನು ತಟ್ಟಿದರು. ನನಗೆ ಖುಷಿಯಾಯಿತು. ಆಗಿಲ್ಲ ಎಂದು ಹೇಗೆ ಹೇಳಲಿ? ಆಯಿತು.

ಶಂಕ್ರವ್ವ ಬಂದವಳೇ ಟಗರಿನ ಕೊರಳು ನೋಡಿ, ಏನೂ ಕೇಳದೆ ಹೊಸ ಕೆಂಪು ದಾರ ಕಟ್ಟಿದಳು. ನನ್ನ ಕೋಟನ್ನೂ ಇಸಿದುಕೊಂಡಳು. "ಕೊಡಪ್ಪ, ಡಾಕ್ಟರ ಕೋಟು ಹಿಂಗ ಹೊಲಸ ಇರಬಾರ್ದು" ಎಂದು ಒಗೆದು, ಮರುದಿನ ಮಡಿಚಿ ತಂದುಕೊಟ್ಟಳು. ಕಿಸೆಯಲ್ಲಿ ದಾರ ಇರಲಿಲ್ಲ. ಒಗೆಯುವಾಗ ಎಲ್ಲೋ ಬಿದ್ದಿರಬೇಕು, ಪೀಡೆ ಕಳೆಯಿತು ಎಂದುಕೊಂಡೆ.

ಟಗರು ಮಾತ್ರ ನನ್ನ ಬಳಿ ಬರುವುದನ್ನು ನಿಲ್ಲಿಸಿತು. ಬೆಲ್ಲ ತೋರಿಸಿದರೂ ಬರಲಿಲ್ಲ.

ಮಾಳಪ್ಪ ಹೇಳಿದ ಸಮಯಕ್ಕೆ ಸರಿಯಾಗಿ ಬಂದ. ಗಣಪತಿ ಹಬ್ಬ ಮುಗಿದಿತ್ತು, ಮಳೆ ಮತ್ತೆ ಹಿಡಿದಿತ್ತು. ಟಗರು ಅವನ ದನಿ ಕೇಳಿ ಓಡಿಬಂತು. ಅವನು ಕಾಲು ಹಿಸುಕಿ ನೋಡಿ, "ಚಲೋ ಕಟ್ಟೀರಿ ಡಾಕ್ಟ್ರ" ಎಂದು ನನ್ನ ಕಡೆ ನೋಡಿ ನಕ್ಕ. ಬೆನ್ನು ಸವರಿದ, ಪಕ್ಕೆ ಸವರಿದ. ಕೈ ಹಿಂಗಾಲಿನ ನಡುವೆ ಹೋಯಿತು, ಅಲ್ಲೇ ನಿಂತಿತು.

"ಯಾರು ಒಡದ್ರಿ ಇದನ್ನ?"

ಮಾಸ್ತರರು ಹೊರಬಂದರು. ಕುರ್ಚಿ ತರಿಸಿ ಕುಳಿತು, ಎಲ್ಲರನ್ನೂ ನಿಲ್ಲಿಸಿ ವಿಚಾರಿಸಿದರು. ದೊಡ್ಡ ಡಾಕ್ಟರಿಗೆ ಫೋನು ಮಾಡಿದರು. ಕೊರಳಲ್ಲಿ ದಾರ ಇರಲಿಲ್ಲ, ಅದಕ್ಕೇ ಒಡೆಸಿದೆ ಎಂದು ಅವರು ಹೇಳಿದರಂತೆ. ಮಾಸ್ತರರು ನನ್ನ ಕಡೆ ತಿರುಗಿದರು.

"ನೀನೂ ಅಲ್ಲೇ ಇದ್ದೆಲ್ಲ? ದಾರ ಇತ್ತೋ ಇಲ್ಲೋ?"

"ಇರಲಿಲ್ರಿ" ಅಂದೆ. ನೋಡಿ, ಅದು ಸುಳ್ಳೂ ಅಲ್ಲ.

"ಮತ್ತ ಮೊದಲ ಕಟ್ಟಿದ್ದ ದಾರ ಎಲ್ಲಿ ಹೋತು?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಶಂಕ್ರವ್ವನೂ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ ನನ್ನ ಕೈ ತಾನಾಗಿ ಕಿಸೆಗೆ ಹೋಯಿತು. ಕಿಸೆ ಬರಿದಾಗಿತ್ತು. ಬರಿದಾದ ಕಿಸೆ ನನಗೆ ಧೈರ್ಯ ಕೊಟ್ಟಿತು.

"ಬಿದ್ದಿರಬೇಕ್ರಿ. ಗಂಟು ಸಡಿಲ ಇತ್ತೇನೋ."

ಶಂಕ್ರವ್ವನ ಮುಖ ನಾನು ನೋಡಲಿಲ್ಲ. ಅವಳ ದನಿ ಕೇಳಿಸಿತು. "ನನ್ನ ಗಂಟು ಸಡ್ಲ ಆಗಂಗಿಲ್ರಿ ಮಾಸ್ತರ್ರ."

ಮಾಳಪ್ಪ ನಡುವಿನ ಚೀಲ ಬಿಚ್ಚಿದ. "ಮಾತು ಬ್ಯಾಡ್ರಿ. ಬೀರಪ್ಪನ ಭಂಡಾರ ಐತಿ ಇಲ್ಲೆ. ಕೈಯಾಗ ಹಿಡದು ಹೇಳ್ರಿ ಒಬ್ಬೊಬ್ರಽ. ನಾ ಅಷ್ಟಕ್ಕಽ ಟಗರು ತಗೊಂಡು ಹೋಗ್ತೇನಿ, ಮತ್ತ ಒಂದ ಮಾತ ಆಡಂಗಿಲ್ಲ."

ಕುರಿಗಾರರಲ್ಲಿ ಅದಕ್ಕಿಂತ ದೊಡ್ಡ ಆಣೆ ಇಲ್ಲ. ಭಂಡಾರ ಅಂಗೈಯಲ್ಲಿ ಹಿಡಿದು ಆಡಿದ ಮಾತನ್ನು ಊರೇ ನಂಬುತ್ತದೆ. ಶಂಕ್ರವ್ವ ತಡಮಾಡಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಅಂಗೈ ಚಾಚಿದಳು. "ಹಾಕಪ್ಪ. ನಾ ಗಟ್ಟಿ ಕಟ್ಟಿದ್ದೆ."

ಅವಳಾದ ಮೇಲೆ ನನ್ನ ಸರದಿ. ದೇವರು ದಿಂಡರನ್ನು ನಂಬುವವನಲ್ಲ ನಾನು. ಆದರೂ ಆ ಹಳದಿ ಪುಡಿಯನ್ನು ಅಂಗೈಯಲ್ಲಿ ಹಿಡಿದು, ಆ ಮನುಷ್ಯನ ಕಣ್ಣಿಗೆ ಕಣ್ಣು ಕೊಟ್ಟು, ಗಂಟು ಸಡಿಲ ಇತ್ತು ಎನ್ನುವ ಎದೆಗಾರಿಕೆ ನನಗಿರಲಿಲ್ಲ. ಆಗ ನನ್ನ ಓದು ನನ್ನ ನೆರವಿಗೆ ಬಂತು.

"ಸರ್, ವಿಜ್ಞಾನ ಕಲಿಸಿದವರು ನೀವು" ಎಂದೆ ಮಾಸ್ತರರಿಗೆ. "ನಿಮ್ಮ ಅಂಗಳದಾಗ ಭಂಡಾರ ಮುಟ್ಟಿ ಆಣಿ ಮಾಡಸೂದಂದ್ರ ಹೆಂಗ್ರಿ? ಇದೆಲ್ಲ ಮೂಢನಂಬಿಕಿ."

ಮಾಸ್ತರರಿಗೆ ಆ ಮಾತು ನಾಟಿತು. ಜೀವನವೆಲ್ಲ ಮೂಢನಂಬಿಕೆ ವಿರುದ್ಧ ಭಾಷಣ ಮಾಡಿದವರು. "ಖರೆ. ಇಲ್ಲೆ ಇವೆಲ್ಲಾ ನಡಿಯಂಗಿಲ್ಲ. ಚೀಲ ಒಳಗಿಡಪ್ಪ" ಎಂದು ಮಾಳಪ್ಪನಿಗೆ ಹೇಳಿದರು. ಅವನು ಇಟ್ಟುಕೊಂಡ. ಶಂಕ್ರವ್ವನ ಅಂಗೈ ಚಾಚಿದ್ದು ಚಾಚಿದಂತೆಯೇ ಇತ್ತು. ಅದರಲ್ಲಿ ಯಾರೂ ಏನೂ ಹಾಕಲಿಲ್ಲ.

ಮಾಳಪ್ಪ ಟಗರನ್ನು ಹೊಡೆದುಕೊಂಡು ಹೋಗುವಾಗ ಅವಳ ಮುಂದೆ ನಿಂತು, "ದೇವರ ಟಗರು ಕೆಡಿಸಿದೆಲ್ಲಬೇ" ಅಂದ. ಬೈಗುಳವೇನಲ್ಲ, ಅಳುವ ದನಿ. ನಾಳೆಯಿಂದ ಬರಬೇಡ ಎಂದು ಮಾಸ್ತರರು ಅವಳಿಗೆ ಸಂಜೆಯೇ ಹೇಳಿದರು. ನನ್ನ ತಗಡಿನ ಬಿಲ್ಲೆಗಳು ಮಂಜೂರಾದವು.

ಮರುದಿನ ಬೆಳಿಗ್ಗೆ ಸೈಕಲ್ ತುಳಿದುಕೊಂಡು ಹೋದರೆ ಅವಳು ಆಶ್ರಯದ ಗೇಟಿನ ಎದುರು, ಬಸ್ಸು ನಿಲ್ಲುವ ಬೇವಿನ ಮರದ ಕೆಳಗೆ ನಿಂತಿದ್ದಳು. ಪಕ್ಕದಲ್ಲಿ ಒಂದು ಗಂಟು, ಬಲಗೈ ಮುಷ್ಟಿ ಮುಚ್ಚಿತ್ತು. ಬಸ್ ಚಾರ್ಜಿನ ಚಿಲ್ಲರೆ ಇರಬೇಕು ಎಂದುಕೊಂಡೆ. ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ಮುಖ ಆ ಕಡೆ ತಿರುಗಿಸಿ ಒಳಗೆ ಹೋದೆ. ಒಂದು ಗಂಟೆಯ ಮೇಲೆ ಬಿಲ್ಲೆಗೆ ತೂತು ಕೊರೆಯುತ್ತ ಕಿಟಕಿಯಿಂದ ನೋಡಿದಾಗಲೂ ನಿಂತಿದ್ದಳು. ಇಳಕಲ್ ಬಸ್ಸುಗಳು ಎರಡು ಅಷ್ಟೊತ್ತಿಗೆ ಹೋಗಿದ್ದವು. ಮೂರನೆಯದಕ್ಕೆ ಹತ್ತಿದಳು.

ರಜೆ ಮುಗಿದಾಗ ಮಾಸ್ತರರು ನನಗೊಂದು ಪತ್ರ ಕೊಟ್ಟರು. ಪ್ರಾಮಾಣಿಕ, ಶ್ರದ್ಧಾವಂತ ವಿದ್ಯಾರ್ಥಿ ಎಂದು ಬರೆದಿದ್ದರು. ಆ ಪತ್ರ ನನ್ನ ಫೈಲಿನಲ್ಲಿ ಇನ್ನೂ ಇದೆ. ನನಗೆ ನೌಕರಿ ಆಯಿತು, ಮದುವೆ ಆಯಿತು, ಹತ್ತಾರು ಊರಿನ ದವಾಖಾನೆ ತಿರುಗಿ ಈಗ ಬಾದಾಮಿ ಕಡೆಗೆ ವರ್ಗವಾಗಿ ಬಂದೆ. ಕುರಿಗಳ ಬೀಜ ಸಾವಿರಾರು ಒಡೆದಿದ್ದೇನೆ. ಪ್ರತಿ ಸಲವೂ ಮಾಲಕರನ್ನು ಮೂರು ಮೂರು ಸಲ ಕೇಳುತ್ತೇನೆ. ಭಾಳ ಜಾಗರೂಕ ಡಾಕ್ಟರು ಎಂದು ಜನ ಹೊಗಳುತ್ತಾರೆ.

ಕುಳಗೇರಿ ಕ್ರಾಸಿನ ಆ ಮಳೆಯ ಮರುದಿನವೇ ರಜೆ ಹಾಕಿ ಇಳಕಲ್ಲಿಗೆ ಹೋದೆ. ನೇಕಾರರ ಓಣಿಯಲ್ಲಿ ಪವರ್‌ಲೂಮಿನ ಸದ್ದಿನಲ್ಲಿ ಕೂಗಿ ಕೂಗಿ ವಿಚಾರಿಸಬೇಕಾಯಿತು. ಒಂದು ಪಡಸಾಲೆಯಲ್ಲಿ ಕೂತು ರಾಟೆಯ ಮೇಲೆ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಗುರುತು ಹಿಡಿಯುವುದಿಲ್ಲ ಎಂದುಕೊಂಡಿದ್ದೆ.

"ಬರ್ರಿ ಡಾಕ್ಟ್ರ" ಅಂದಳು, ರಾಟೆ ನಿಲ್ಲಿಸದೆ. ಆಗೆಲ್ಲ ನನ್ನನ್ನು ನೀನು ಎನ್ನುತ್ತಿದ್ದವಳು.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಒಂದೂ ಬಾಯಿಗೆ ಬರಲಿಲ್ಲ. "ಶಂಕ್ರವ್ವ, ಆ ಟಗರಿನ ದಾರ..." ಎಂದು ಶುರುಮಾಡಿದೆ.

ಅವಳು ಎದ್ದು ಒಳಗೆ ಹೋಗಿ ಒಂದು ತಗಡಿನ ಡಬ್ಬಿ ತಂದಳು. ಕಂಡಿಕೆಗಳ ಅಡಿಯಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದಳು. ಬಣ್ಣಗೆಟ್ಟ ಕೆಂಪು ದಾರ.

"ನಿಮ್ಮ ಕೋಟಿನ ಕಿಸೇದಾಗ ಇತ್ರಿ ಇದು, ಒಗಿಯೂ ಮುಂದ ಸಿಕ್ತು. ಸೂಜಿ ಹಾಕಾಕ ಕತ್ತರಿಸಿರಬೇಕು ಅಂತ ತಿಳದು ಸುಮ್ಮನಾದೆ. ಮಾಳಪ್ಪ ಬಂದ ದಿನ ಎಲ್ಲಾ ತಿಳೀತು." ದಾರವನ್ನು ನನ್ನ ಕಣ್ಣ ಮುಂದೆ ಹಿಡಿದಳು. "ಗಂಟು ನೋಡ್ರಿ. ಹಂಗಽ ಐತಿ. ಕತ್ತರಿ ಹಚ್ಚಿದ್ದು ಇಲ್ಲೆ, ಈ ತುದೀಗೆ."

"ಮಾಸ್ತರ್ರಿಗೆ ತೋರಿಸಬೇಕಾಗಿತ್ತಲ್ಲ ಅವ್ವಾ!" ಎಂದೆ. ನನ್ನ ದನಿಯಲ್ಲಿ ಸಿಟ್ಟಿತ್ತು, ಅವಳೇ ತಪ್ಪು ಮಾಡಿದ ಹಾಗೆ. ನಾಚಿಕೆ ಅಂದರೆ ಎಷ್ಟು ಹೊಲಸು ನೋಡಿ.

"ಅವತ್ತು ದಾರ ಮನ್ಯಾಗಿತ್ತು, ಬರೇ ಮಾತು ಯಾರು ನಂಬ್ತಿದ್ರು? ಮರುದಿನ ತೋರಸಾಕಽ ಬಂದಿದ್ದೆ. ಮುಂಜಾನಿ ಮನಿಯಿಂದ ತಗೊಂಡು ಬಂದು ಗೇಟಿನ ಮುಂದ ನಿಂತಿದ್ದೆ. ಕೈಯಾಗಽ ಇತ್ತು. ನೀವು ಸೈಕಲ್ ಮ್ಯಾಲ ಬಂದ್ರಿ. ಸಣ್ಣ ಹುಡುಗ, ನಿನ್ನೆ ಅಂಜಿ ಅಂದಾನ, ಇವತ್ತು ತಾನಽ ಹೇಳ್ತಾನ ಅಂತ ಕಾಯ್ದೆ. ಎರಡು ಬಸ್ಸು ಬಿಟ್ಟೆ." ರಾಟೆಯ ಹಿಡಿಕೆಯ ಮೇಲೆ ಕೈಯಿಟ್ಟಳು. "ನೀವು ಮಾರಿ ತಿರುವಿದ್ರಿ. ಆಮ್ಯಾಲ ತೋರಿಸಿ ಏನು ಮಾಡೂದೈತಿ ಅನಿಸ್ತು. ಕೆಲಸ ಹೋದದ್ದು ಹೋತ್ರಿ, ಅದಕ್ಕ ನಾ ಅತ್ತಿಲ್ಲ. ಗಂಟು ಸಡ್ಲ ಇತ್ತು ಅಂದ್ರಲ್ಲ? ನಮ್ಮ ಮನಿತನದಾಗ ಆ ಮಾತು ಯಾರೂ ಕೇಳಿದ್ದಿಲ್ಲ."

"ತಪ್ಪಾಯ್ತು" ಅಂದೆ. ಅಷ್ಟು ಸಣ್ಣ ಮಾತು ಹೊರಡಲು ಹತ್ತು ವರ್ಷ ಬೇಕಾಯಿತು.

"ನನಗ್ಯಾಕ ಹೇಳ್ತೀರಿ? ನನಗ ಗೊತ್ತಿದ್ದದ್ದಽ. ಗೊತ್ತಿಲ್ಲದವರಿಗೆ ಹೋಗಿ ಹೇಳ್ರಿ." ದಾರವನ್ನು ಮತ್ತೆ ಪೊಟ್ಟಣ ಕಟ್ಟಿ ನನ್ನ ಕೈಗಿಟ್ಟಳು. "ಇದನ್ನ ಒಯ್ರಿ. ಗಂಟು ತೋರಿಸ್ರಿ."

ಚಹ ಕುಡಿದು ಹೋಗಿ ಎಂದು ಅವಳು ಹೇಳಲಿಲ್ಲ. ನಮ್ಮ ಕಡೆ ಶತ್ರುವಿಗೂ ಹೇಳುತ್ತಾರೆ.

ಅದೇ ಮಧ್ಯಾಹ್ನ ಗುಡೂರಿಗೆ ಹೋದೆ. ಮಾಳಪ್ಪ ಹಿಂಡಿನ ಹಿಂದೆ ಹೋಗುವುದನ್ನು ಬಿಟ್ಟು ಮಗನಿಗೆ ವಹಿಸಿದ್ದ. ಕಟ್ಟೆಯ ಮೇಲೆ ಕೂತು ಕದಿರಿನಲ್ಲಿ ಉಣ್ಣೆ ನೂಲುತ್ತಿದ್ದ. ಯಾರೆಂದು ಹೇಳಿದೆ. ಪಕ್ಕದಲ್ಲಿ ಕೂರದೆ, ನಿಂತುಕೊಂಡೇ ಎಲ್ಲ ಹೇಳಿದೆ. ಕತ್ತರಿ, ಕಿಸೆ, ಇಕ್ಕಳ, ಯಾರೂ ಇಲ್ರಿ ಸರ್ ಎಂದದ್ದು, ಗಂಟು ಸಡಿಲ ಇತ್ತೇನೋ ಎಂದದ್ದು. ಪೊಟ್ಟಣ ಬಿಚ್ಚಿ ದಾರ ಕೊಟ್ಟೆ. ಅವನು ಅದನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಗಂಟನ್ನು ಎಬ್ಬಿಸಿ ನೋಡಿದ, ಹಲ್ಲಿನಿಂದ ಜಗ್ಗಿ ನೋಡಿದ.

"ಗಟ್ಟೇತಿ" ಅಂದ.

"ದೇವರಿಗೆ ನಡೀಲಿಲ್ಲ, ಮಾರಾಕ ಮನಸಾಗಲಿಲ್ಲ. ಮುದಿಯಾಗಿ ಸಾಯೂತನಾ ಇಟಗೊಂಡಿದ್ದೆ ಅದನ್ನ" ಎಂದ. ದನಿ ಒಡೆಯಿತು. "ಅದು ಕಣ್ಣಿಗೆ ಬಿದ್ದಾಗೆಲ್ಲ ಆ ಹೆಣ್ಮಗಳಿಗೆ ಶಾಪ ಹಾಕೇನಲ್ಲೋ ಎಪ್ಪಾ ನಾ. ಬೀರಪ್ಪನ ಮುಂದ ಅಕಿ ಹೆಸರು ಹಿಡದು ಶಾಪ ಹಾಕೇನಿ."

ಅವನು ನನಗೆ ಬೈಯುತ್ತಾನೆ, ಹೊಡೆದರೂ ಹೊಡೆಯಬಹುದು ಎಂದು ಬಂದವನು ನಾನು. ಅವನು ತನ್ನ ಬಾಯಿಯ ಮೇಲೆ ತಾನೇ ಹೊಡೆದುಕೊಂಡ. ಅದನ್ನು ನೋಡಲಾಗಲಿಲ್ಲ.

"ಭಂಡಾರ ಕೊಡ್ರಿ" ಎಂದೆ. "ಕೈಯಾಗ ಹಿಡದು ಹೇಳ್ತೇನಿ. ಎಲ್ಲಾರ ಮುಂದ ಹೇಳ್ತೇನಿ."

"ಮೂಢನಂಬಿಕಿ ಅಂದಿದ್ರೆಲ್ಲ?"

"ಅಂದಿದ್ದೆ. ಈಗೂ ನಾ ನಂಬಂಗಿಲ್ಲ. ಅವತ್ತು ಮುಟ್ಟಾಕ ಅಂಜಿಕಿ ಬಂದಿತ್ತು, ಅದಕ್ಕ ಹಂಗ ಅಂದೆ."

ಅಂಗೈ ಚಾಚಿದೆ. ಅವನು ನಡುವಿನ ಚೀಲ ತೆಗೆದ, ಬಾಯಿ ಬಿಚ್ಚಿದ, ಒಳಗೆ ಬೆರಳು ಹಾಕಿದ. ನನ್ನ ಅಂಗೈಯನ್ನೇ ನೋಡುತ್ತ ಒಂದು ಕ್ಷಣ ತಡೆದ. ಆಮೇಲೆ ಬೆರಳು ಹಿಂದೆ ತೆಗೆದು ಚೀಲದ ಬಾಯಿ ಬಿಗಿದ. ದಾರವನ್ನು ತನ್ನ ಅಂಗಿಯ ಕಿಸೆಗೆ ಇಟ್ಟುಕೊಂಡ. ಕೋಲು ಊರಿ ಎದ್ದು ನಿಂತು ಒಳಗಿನವರಿಗೆ ಕೂಗಿ ಹೇಳಿದ, "ನನ್ನ ಕಂಬಳಿ ಕೊಡ್ರಿ. ಇಳಕಲ್ಲಿಗೆ ಹೋಗಿ ಬರ್ತೇನಿ."

"ನಾನೂ ಬರ್ತೇನ್ರಿ" ಅಂದೆ.

"ನೀವು ಬ್ಯಾಡ್ರಿ" ಅಂದ ಮಾಳಪ್ಪ. ಸಿಟ್ಟಿನಿಂದಲ್ಲ. "ಅವತ್ತು ಅಕಿ ಕೈ ಚಾಚಿದ್ಲು. ನಾ ಹಾಕಲಿಲ್ಲ. ಮೊದಲ ಸರದಿ ಅಕಿದು ಐತಿ."

ಕಂಬಳಿ ಹೊದ್ದು, ಭಂಡಾರದ ಚೀಲವನ್ನು ಎದೆಗೆ ಹಿಡಿದುಕೊಂಡು ಅವನು ಬಸ್ಸಿನ ಕಡೆ ನಡೆದ. ಹಿಂದೆ ತಿರುಗಿ ನೋಡಲಿಲ್ಲ. ಹನಿ ಬೀಳಲು ಶುರುವಾಗಿತ್ತು, ಕಂಬಳಿಯಿಂದ ಆ ವಾಸನೆ ಎದ್ದಿತು. ಈ ಸಲ ಮೂಗು ಮುಚ್ಚಿಕೊಳ್ಳಲಿಲ್ಲ. ಅವನು ತಿರುವು ದಾಟಿ ಮರೆಯಾದ ಮೇಲೆ ನೋಡಿಕೊಂಡೆ, ನನ್ನ ಅಂಗೈ ಇನ್ನೂ ಚಾಚಿಯೇ ಇತ್ತು.